ಜಾರಿಯಾಗದ ಹಕ್ಕು, ಒಂಟಿಯಾದ ಊರು

(ಗಡಿನಾಡಿನ ಯುವಕ ಯುವತಿಯರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹರೂಪ. ಓದಿ, ನಿಮ್ಮ ಊರಿನ ಗುಂಪುಗಳಿಗೂ ಕಳಿಸಿ.)



ಮೊದಲಿಗೆ ಒಂದು ಸಣ್ಣ ಕೆಲಸ. ಕಿಸೆಯಲ್ಲೋ ಪರ್ಸಿನಲ್ಲೋ ಒಂದು ನೋಟು ಇದ್ದರೆ ಹೊರಗೆ ತೆಗೀರಿ. ಹತ್ತರದ್ದಾದರೂ ಸರಿ, ಐನೂರರದ್ದಾದರೂ ಸರಿ. ಹಿಂಬದಿಗೆ ತಿರುಗಿಸಿ. ಎಡಗಡೆ ಸಣ್ಣ ಅಕ್ಷರದ ಸಾಲುಗಳಿವೆ, ಒಟ್ಟು 15 ಭಾಷೆ. ಮೇಲಿನಿಂದ ಎಣಿಸಿ. ಅಸ್ಸಾಮಿ, ಬಂಗಾಳಿ, ಗುಜರಾತಿ, ನಾಲ್ಕನೆಯದು ಕನ್ನಡ. ಸಿಕ್ಕಿತಾ?

ಈ ನೋಟು ಮಂಜೇಶ್ವರದಲ್ಲೂ ಇದೇ, ಅಕ್ಕಲಕೋಟೆಯಲ್ಲೂ ಇದೇ, ತಾಳವಾಡಿ, ಮಡಕಶಿರಾದಲ್ಲೂ ಇದೇ. ರಾಜ್ಯ ಬದಲಾಯಿತು ಅಂತ ನೋಟಿನಿಂದ ಕನ್ನಡ ಅಳಿಸಿ ಹೋಗುವುದಿಲ್ಲ. ಆದರೆ ಇದೇ ನೋಟನ್ನು ಖಾತೆಗೆ ಕಟ್ಟಲು ಹೋಗಿ ಚೀಟಿ ಕೇಳಿ ನೋಡಿ. ನಮ್ಮ ಹೆಚ್ಚಿನ ಊರುಗಳಲ್ಲಿ ಆ ಚೀಟಿಯಲ್ಲಿ ಕನ್ನಡ ಇರುವುದಿಲ್ಲ. ದುಡ್ಡಿಗೆ ಕನ್ನಡ ಬರುತ್ತದೆ, ದುಡ್ಡು ಕಟ್ಟುವ ಕಾಗದಕ್ಕೆ ಬರುವುದಿಲ್ಲ!

ನಾನು ಓದಿದ್ದು ಬಿ.ಕಾಂ., ಕೆಲಸ ಬ್ಯಾಂಕಿನ ಕೌಂಟರಿನಲ್ಲಿ. ಹಾಗಾಗಿ ದೊಡ್ಡ ಭಾಷಣ ನನಗೆ ಬರುವುದಿಲ್ಲ. ಲೆಕ್ಕ ಬರುತ್ತದೆ. ಇವತ್ತು ಎರಡು ಪದದ ಲೆಕ್ಕ ನಿಮ್ಮ ಮುಂದಿಡುತ್ತೇನೆ. ಒಂದು ಜಾರಿ, ಇನ್ನೊಂದು ಬೇರ್ಪಡಿಕೆ. ಕಂಪ್ಯೂಟರಿನವರು ಇಂಪ್ಲಿಮೆಂಟೇಶನ್, ಐಸೊಲೇಶನ್ ಅಂತಾರಲ್ಲ, ಅವೇ. ತಂತ್ರಜ್ಞಾನದಲ್ಲಿ, ವಿಜ್ಞಾನದಲ್ಲಿ ಇವು ಹೇಗೆ ಕೆಲಸ ಮಾಡುತ್ತವೆ ಅಂತ ಅರ್ಥ ಮಾಡಿಕೊಂಡರೆ ಗಡಿನಾಡಿನ ನಮ್ಮ ಕತೆಯೂ ಅರ್ಥವಾಗುತ್ತದೆ.

ಚೀಟಿಯಿಂದಲೇ ಶುರು ಮಾಡೋಣ. ಗ್ರಾಹಕರಿಗೆ ಕೊಡುವ ಮುದ್ರಿತ ನಮೂನೆಗಳು ಇಂಗ್ಲಿಷ್, ಹಿಂದಿ ಮತ್ತು ಸಂಬಂಧಪಟ್ಟ ಪ್ರಾದೇಶಿಕ ಭಾಷೆ, ಹೀಗೆ ಮೂರು ಭಾಷೆಯಲ್ಲಿ ಇರಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಒಳ್ಳೆಯ ಸೂಚನೆಯೇ. ಆದರೆ "ಸಂಬಂಧಪಟ್ಟ" ಅಂದರೆ ಯಾರಿಗೆ ಸಂಬಂಧಪಟ್ಟದ್ದು? ಕೌಂಟರಿನ ಮುಂದೆ ನಿಂತವರಿಗಾ, ಅಥವಾ ರಾಜ್ಯದ ರಾಜಧಾನಿಗಾ? ಜಾರಿ ಆಗುವಾಗ ಅದು ರಾಜ್ಯದ ಭಾಷೆ ಅಂತಲೇ ಆಗಿಬಿಡುತ್ತದೆ. ನಿಯಮದಲ್ಲಿ ನಮ್ಮನ್ನು ಯಾರೂ ಹೊರಗಿಟ್ಟಿಲ್ಲ. ಮುದ್ರಣಕ್ಕೆ ಆರ್ಡರ್ ಕೊಡುವ ಮೇಜಿನ ಮೇಲೆ ನಾವು ಬಿಟ್ಟು ಹೋಗಿದ್ದೇವೆ.

ಇದರ ಪರಿಣಾಮ ಏನು ಅಂತ ಕೌಂಟರಿನ ಈಚೆ ಕೂತವರಿಗೆ ಗೊತ್ತು. ದಿನಾ ಕನ್ನಡ ಪೇಪರ್ ಓದುವ, ಪಾಸ್‌ಬುಕ್ಕಿನ ಅಂಕಿ ನೋಡಿ ಬಡ್ಡಿ ಸರಿಯಾಗಿ ಬಂದಿದೆಯಾ ಅಂತ ಕೇಳುವ ಅಮ್ಮಂದಿರು ಇದ್ದಾರೆ. ಕನ್ನಡದಲ್ಲಿ ಚೆಂದಕ್ಕೆ ಸಹಿ ಹಾಕುತ್ತಾರೆ. ಆದರೆ ಚೀಟಿ ತುಂಬಿಸಲು ಪಕ್ಕದಲ್ಲಿ ನಿಂತ ಯಾವುದೋ ಹುಡುಗನನ್ನು ಕರೆಯಬೇಕು. ಅವನಿಗೆ ಖಾತೆ ನಂಬರ್ ಹೇಳಬೇಕು, ಎಷ್ಟು ತೆಗೆಯುತ್ತಿದ್ದೇನೆ ಅಂತ ಹೇಳಬೇಕು, ಮೊಬೈಲ್ ಕೂಡ ಕೈಗೆ ಕೊಡಬೇಕು. ಈಗಿನ ಕಾಲದಲ್ಲಿ ಇದು ಎಷ್ಟು ಅಪಾಯ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ. ಆ ಅಮ್ಮ ಅನಕ್ಷರಸ್ಥೆ ಅಲ್ಲ. ಒಂದು ಕಾಗದ ಅವರನ್ನು ಅನಕ್ಷರಸ್ಥೆ ಮಾಡಿತು. ಕನ್ನಡ ನಮಗೆ ಅಭಿಮಾನದ ವಿಷಯ ಹೌದು, ಆದರೆ ಅದಕ್ಕಿಂತ ಮೊದಲು ಇದು ಆ ಅಮ್ಮನ ದುಡ್ಡಿನ ವಿಷಯ, ಮರ್ಯಾದೆಯ ವಿಷಯ.

ಈಗ ತಂತ್ರಜ್ಞಾನಕ್ಕೆ ಬನ್ನಿ. ಇವತ್ತು ವಾಟ್ಸಾಪಿನಲ್ಲಿ ಸಲೀಸಾಗಿ ಕನ್ನಡ ಬರೆಯುತ್ತೀರಿ. ಇದು ಒಂದೇ ದಿನ ಬಂದದ್ದಲ್ಲ. ಪ್ರಪಂಚದ ಎಲ್ಲ ಲಿಪಿಗಳಿಗೆ ಒಂದೇ ಸಂಕೇತ ವ್ಯವಸ್ಥೆ ಇರಲಿ ಅಂತ ಯುನಿಕೋಡ್ ಮಾಡಿದರಲ್ಲ, ಅದರ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಜಾಗ ಇತ್ತು. ಅಂದರೆ ಕನ್ನಡದ ಹಕ್ಕು 1991ರಲ್ಲೇ ಬರೆದಾಗಿತ್ತು. ಆದರೆ ಆಂಡ್ರಾಯ್ಡ್ ಫೋನಿನ ವ್ಯವಸ್ಥೆಯೊಳಗೇ ಕನ್ನಡ ಅಕ್ಷರ ಮೂಡುವ ಹಾಗೆ ಆದದ್ದು 4.1 ಆವೃತ್ತಿ ಬಂದ ಮೇಲೆ, 2012ರಲ್ಲಿ. ಲೆಕ್ಕ ಹಾಕಿ, 21 ವರ್ಷ! ಅಲ್ಲಿಯ ತನಕ ಎಷ್ಟೋ ಫೋನುಗಳಲ್ಲಿ ಕನ್ನಡ ಅಂದರೆ ಬರೀ ಚೌಕ ಚೌಕ ಡಬ್ಬಿಗಳು.

ಆ ನಡುವಿನ ಕಾಲದಲ್ಲಿ ಏನಾಯಿತು? ಒಂದೊಂದು ಡಿಟಿಪಿ ಅಂಗಡಿಗೆ ಒಂದೊಂದು ಫಾಂಟ್. ಇಲ್ಲಿ ಟೈಪ್ ಮಾಡಿದ ಆಮಂತ್ರಣ ಪತ್ರಿಕೆ ಇನ್ನೊಂದು ಅಂಗಡಿಯಲ್ಲಿ ತೆರೆದರೆ ಚಿತ್ರ ವಿಚಿತ್ರ ಗುರುತುಗಳು. ಎಲ್ಲವೂ ಕನ್ನಡವೇ, ಆದರೆ ಒಂದು ಕಂಪ್ಯೂಟರಿನ ಕನ್ನಡ ಇನ್ನೊಂದಕ್ಕೆ ತಿಳಿಯದು. ಒಂದೊಂದೂ ಒಂದೊಂದು ನಡುಗಡ್ಡೆ. ಈ ನಡುಗಡ್ಡೆಗಳು ಒಂದಾದದ್ದು ನಿಯಮ ಬರೆದ ದಿನ ಅಲ್ಲ. ಫಾಂಟ್ ಮಾಡಿದವರು, ಕೆ.ಪಿ. ರಾವ್ ಅವರ ಹಾಗೆ ಕೀಲಿಮಣೆಯ ವಿನ್ಯಾಸ ಕೊಟ್ಟವರು, ತಪ್ಪು ಕಂಡಾಗ ಕಂಪನಿಗೆ ಬರೆದು ಬರೆದು ಸರಿ ಮಾಡಿಸಿದವರು, ಹೀಗೆ ನೂರಾರು ಜನ ಕೈ ಹಾಕಿದ ಮೇಲೆ. ಇಲ್ಲಿಂದ ಒಂದು ಪಾಠ: ನಿಯಮ ಒಂದೇ ಸಾಲಿನದ್ದು, ಜಾರಿಗೆ ನೂರು ಕೈ ಬೇಕು.

ಇನ್ನು ಬೇರ್ಪಡಿಕೆ. ಇದನ್ನು ಕೇಳಿದ ಕೂಡಲೇ ಕೆಟ್ಟದ್ದು ಅನಿಸುತ್ತದೆ. ಯಾವಾಗಲೂ ಹಾಗಲ್ಲ. ನಮ್ಮ ಬ್ಯಾಂಕಿನ ಕಂಪ್ಯೂಟರು ನಡೆಯುವುದೇ ಬೇರ್ಪಡಿಕೆಯ ಮೇಲೆ. ಒಂದು ಜಂಟಿ ಖಾತೆ ಅಂದುಕೊಳ್ಳಿ, ಐದು ಸಾವಿರ ರೂಪಾಯಿ ಇದೆ. ಗಂಡ ಎಟಿಎಮ್ಮಿನಲ್ಲಿ ನಾಲ್ಕು ಸಾವಿರ ಒತ್ತುತ್ತಾರೆ. ಅದೇ ಕ್ಷಣಕ್ಕೆ ಹೆಂಡತಿ ಕೌಂಟರಿನಲ್ಲಿ ಮೂರು ಸಾವಿರಕ್ಕೆ ಚೀಟಿ ಕೊಡುತ್ತಾರೆ. ಇಬ್ಬರಿಗೂ ಐದು ಸಾವಿರ ಇದೆ ಅಂತ ತೋರಿಸಿ ಇಬ್ಬರಿಗೂ ಕೊಟ್ಟರೆ ಬ್ಯಾಂಕಿನ ಕತೆ ಏನು? ಅದಕ್ಕೆ ಡೇಟಾಬೇಸಿನಲ್ಲಿ ನಾಲ್ಕು ಗುಣ ಇರಬೇಕು ಅಂತಾರೆ. ಅವುಗಳ ಮೊದಲ ಅಕ್ಷರ ಸೇರಿಸಿ ಆ್ಯಸಿಡ್ ಅಂತ ಹೆಸರು, 1983ರಲ್ಲಿ ಹೆರ್ಡರ್ ಮತ್ತು ರಾಯ್ಟರ್ ಅನ್ನುವ ಇಬ್ಬರು ವಿಜ್ಞಾನಿಗಳು ಇಟ್ಟದ್ದು. ಅದರಲ್ಲಿ ಮೂರನೆಯ ಗುಣ ಐಸೊಲೇಶನ್. ಒಂದು ವ್ಯವಹಾರ ಮುಗಿಯುವ ತನಕ ಇನ್ನೊಂದು ಅದರ ನಡುವೆ ಕೈ ಹಾಕಬಾರದು. ಪ್ರತಿಯೊಂದೂ ತಾನೊಬ್ಬನೇ ಇದ್ದೇನೆ ಅನ್ನುವ ಹಾಗೆ ನೆಮ್ಮದಿಯಿಂದ ಕೆಲಸ ಮುಗಿಸಬೇಕು.

ಆದರೆ ಒಂದು ಮಾತು ಗಮನಿಸಿ. ಕೆಲಸ ಮುಗಿದ ಮೇಲೆ ಅದು ಎಲ್ಲರ ಲೆಡ್ಜರಿಗೆ ಬಂದು ಸೇರಲೇಬೇಕು. ಸೇರದಿದ್ದರೆ ಆ ವ್ಯವಹಾರ ನಡೆದೇ ಇಲ್ಲ ಅಂತ ಲೆಕ್ಕ. ನಮ್ಮ ಕನ್ನಡ ಶಾಲೆಯನ್ನು ನಾನು ಹೀಗೇ ನೋಡುತ್ತೇನೆ. ಮಗು ಅಡ್ಡಿ ಇಲ್ಲದೆ ತನ್ನ ಮಾತಿನಲ್ಲಿ ಓದು, ಬರಹ, ಲೆಕ್ಕ ಕಲಿಯಲು ಒಂದು ಬೇರೆ ಜಾಗ ಬೇಕು. ಅದು ಬಲ ಕೊಡುವ ಬೇರ್ಪಡಿಕೆ. ಆಮೇಲೆ ಆ ಮಗು ಮಲಯಾಳವನ್ನೋ ಮರಾಠಿಯನ್ನೋ ತಮಿಳು ತೆಲುಗನ್ನೋ ಕಲಿತು ಊರಿನ ದೊಡ್ಡ ಲೆಡ್ಜರಿಗೆ ಬಂದು ಸೇರಬೇಕು. ಬೇರೆ ಜಾಗವೇ ಇಲ್ಲದಿದ್ದರೆ ಮಗುವಿನ ಕಲಿಕೆ ಅರ್ಧದಲ್ಲೇ ಕಲಸಿ ಹೋಗುತ್ತದೆ. ಬೇರೆ ಜಾಗದಿಂದ ಹೊರಗೇ ಬರದಿದ್ದರೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ವಿಜ್ಞಾನ ಇದಕ್ಕೆ ಇನ್ನೊಂದು ಮುಖ ತೋರಿಸುತ್ತದೆ. ನೀಲಗಿರಿಯಿಂದ ಬಂದವರು ಇಲ್ಲಿದ್ದೀರಿ, ನಿಮಗೆ ಶೋಲಾ ಕಾಡು ಗೊತ್ತು. ಅಲ್ಲಿ ಶೋಲಾಕಿಳಿ ಅನ್ನುವ ಸಣ್ಣ ಹಕ್ಕಿ ಇದೆ. ತಂಪಿನ ಎತ್ತರ ಬಿಟ್ಟು ಸೆಕೆಯ ಬಯಲಿಗೆ ಇಳಿಯುವುದಿಲ್ಲ. ಪಶ್ಚಿಮ ಘಟ್ಟದ ಸಾಲು ಪಾಲಕ್ಕಾಡಿನ ಹತ್ತಿರ ಕಡಿದು ಹೋಗಿ ದೊಡ್ಡ ಬಯಲು ಬರುತ್ತದಲ್ಲ, ಅದರ ಉತ್ತರದ ಹಕ್ಕಿ ದಕ್ಷಿಣಕ್ಕೆ ದಾಟಲಿಲ್ಲ, ದಕ್ಷಿಣದ್ದು ಉತ್ತರಕ್ಕೆ ಬರಲಿಲ್ಲ. ಎಷ್ಟೋ ಲಕ್ಷ ವರ್ಷ ಹೀಗೆ ಕಳೆದು ಈಗ ಅವು ಎರಡು ಬೇರೆ ಬೇರೆ ಜಾತಿ. 2017ರಲ್ಲಿ ವಿಜ್ಞಾನಿಗಳು ಇವಕ್ಕೆ ಶೋಲಿಕೋಲಾ ಅಂತ ಹೊಸ ಕುಲದ ಹೆಸರನ್ನೇ ಕೊಟ್ಟರು. ಬೇರ್ಪಡಿಕೆ ಹೊಸ ರೂಪ, ಹೊಸ ಬಣ್ಣ ಕೊಡುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ. ನಮ್ಮ ಕಾಸರಗೋಡಿನ ಕನ್ನಡ, ಸೊಲ್ಲಾಪುರದ ಕನ್ನಡ, ತಾಳವಾಡಿಯ ಕನ್ನಡ ಒಂದೊಂದು ಬಗೆ ಆಗಿರುವುದೂ ಹೀಗೇ. ಅದು ನಮ್ಮ ಆಸ್ತಿ.

ಆದರೆ ಅದೇ ವಿಜ್ಞಾನಿಗಳು ಇನ್ನೊಂದನ್ನೂ ಹೇಳುತ್ತಾರೆ. ಕಾಡು ತುಂಡಾಗಿ, ತುಂಡು ಸಣ್ಣದಾಗುತ್ತಾ ಹೋದರೆ ಒಳಗಿನ ಜೀವಗಳ ಸಂಖ್ಯೆ ಇಳಿಯುತ್ತದೆ, ಹೊರಗಿನಿಂದ ಹೊಸ ರಕ್ತ ಬರುವುದಿಲ್ಲ, ಒಂದು ರೋಗವೋ ಒಂದು ಬರಗಾಲವೋ ಸಾಕು, ಎಲ್ಲ ಮುಗಿಯುತ್ತದೆ. ಅದಕ್ಕೇ ಕಾಡಿನಿಂದ ಕಾಡಿಗೆ ಆನೆ ದಾರಿ, ಕಾರಿಡಾರ್ ಉಳಿಸಬೇಕು ಅಂತಾರೆ. ಜಾಗ ಬೇರೆ ಇರಲಿ, ದಾರಿ ಕಡಿಯಬಾರದು.

ಈ ಎರಡೂ ಪದ ಒಂದೇ ರಸ್ತೆಯ ಮೇಲೆ ಎದುರುಬದುರಾದ ಕತೆ ನಮ್ಮ ತಾಳವಾಡಿಯಲ್ಲೇ ಇದೆ. ತಾಳವಾಡಿ ಈರೋಡ್ ಜಿಲ್ಲೆಗೆ ಸೇರಿದೆ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿಯಬೇಕು. ಹತ್ತಿರದ ಪೇಟೆ ಬೇಕೆಂದರೆ ಚಾಮರಾಜನಗರ, ಅದು ಬೇರೆ ರಾಜ್ಯ. ಘಾಟಿಯ ರಸ್ತೆ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹಾದು ಹೋಗುತ್ತದೆ. ರಾತ್ರಿ ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುತ್ತವೆ ಅಂತ ಜಿಲ್ಲಾಧಿಕಾರಿ 2019ರಲ್ಲಿ ರಾತ್ರಿ ಸಂಚಾರ ನಿಷೇಧದ ಅಧಿಸೂಚನೆ ಹೊರಡಿಸಿದರು. ಮೂರು ವರ್ಷ ಅದು ಕಾಗದದಲ್ಲೇ ಇತ್ತು. ಒಬ್ಬರು ಮದ್ರಾಸ್ ಹೈಕೋರ್ಟಿಗೆ ಹೋದರು. 2022ರ ಫೆಬ್ರವರಿಯಲ್ಲಿ ಕೋರ್ಟು ಜಾರಿ ಮಾಡಿ ಅಂದಿತು, ಎರಡೇ ದಿನದಲ್ಲಿ ಜಾರಿಯಾಯಿತು.

ಇಲ್ಲಿ ಎರಡು ವಿಷಯ ನೋಡಿ. ಒಂದು, ಮೂರು ವರ್ಷ ಮಲಗಿದ್ದ ಆದೇಶ ಬೆನ್ನು ಹತ್ತುವವರು ಇದ್ದದ್ದರಿಂದ ಎದ್ದು ನಿಂತಿತು. ಎರಡು, ಹುಲಿಯ ದಾರಿ ಉಳಿಸಲು ಹೊರಟ ಆದೇಶ ಘಟ್ಟದ ಮೇಲಿನ ಜನರ ದಾರಿಗೆ ಅಡ್ಡ ಬಂತು. ರಾತ್ರಿ ತರಕಾರಿ ಸಾಗಿಸುವ ರೈತ, ಆಸ್ಪತ್ರೆಗೆ ಹೋಗಬೇಕಾದವರು ಏನು ಮಾಡಬೇಕು? ಜನ ಒಟ್ಟಾಗಿ ಬೀದಿಗೆ ಇಳಿದರು, ಕೇಳಿದರು, ಆಮೇಲೆ ಸ್ಥಳೀಯರಿಗೆ ಸಡಿಲಿಕೆ ಸಿಕ್ಕಿತು. ಕಾಡೂ ಬೇಕು, ಊರೂ ಬೇಕು. ಆದರೆ ಊರಿಗೂ ಒಂದು ದಾರಿ ಬೇಕು ಅಂತ ಊರಿನವರು ಬಾಯಿಬಿಟ್ಟು ಹೇಳಿದ ಮೇಲೆಯೇ ಅದು ಲೆಕ್ಕಕ್ಕೆ ಬಂದದ್ದು.

ಇಂಥದ್ದೇ ಇನ್ನೊಂದು ನಮ್ಮ ತಲಪಾಡಿಯಲ್ಲಿ ಆಯಿತು. 2020ರ ಮಾರ್ಚ್. ಕೊರೊನಾ ಕಾಲದಲ್ಲಿ ಐಸೊಲೇಶನ್ ಅನ್ನುವ ಪದ ಅಜ್ಜಿಯಂದಿರ ಬಾಯಿಗೂ ಬಂತು. ವೈದ್ಯರು ಹೇಳುವ ಬೇರ್ಪಡಿಕೆ ರೋಗಿಗೆ, ಕೆಲವು ದಿನಕ್ಕೆ, ಊಟ ಔಷಧಿ ತಲುಪಿಸಿಕೊಂಡು ಮಾಡುವುದು. ಆದರೆ ತಲಪಾಡಿಯಲ್ಲಿ ಗಡಿರೇಖೆಗೇ ಬೇಲಿ ಬಿತ್ತು. ಕಾಸರಗೋಡಿನ ರೋಗಿಗಳು ತಲೆಮಾರುಗಳಿಂದ ನಂಬಿದ್ದು ಮಂಗಳೂರಿನ ಆಸ್ಪತ್ರೆಗಳನ್ನು. ಕೊರೊನಾ ಇಲ್ಲದ ರೋಗಿಗಳಿಗೂ ದಾರಿ ಮುಚ್ಚಿತು. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಬೇಲಿ ಹಾಕಿದ್ದು ನಮ್ಮದೇ ಭಾಷೆಯ ಸರಕಾರ ಅನ್ನುವುದನ್ನೂ ಮರೆಯಬೇಡಿ. ಅಲ್ಲಿಯ ಲೆಕ್ಕಕ್ಕೆ ನಾವು ಕೇರಳದವರು, ಇಲ್ಲಿಯ ಲೆಕ್ಕಕ್ಕೆ ಕನ್ನಡದವರು. ಎರಡೂ ಲೆಡ್ಜರಿನಿಂದ ಬಿಟ್ಟು ಹೋಗುವ ಖಾತೆ ನಮ್ಮದು.

ಹಾಗಾದರೆ ನಮಗೆ ಹಕ್ಕೇ ಇಲ್ಲವಾ? ಇದೆ ಮಾರಾಯ್ರೆ, ಬೇಕಾದಷ್ಟು ಇದೆ. 1956ರ ನವೆಂಬರ್ 1ಕ್ಕೆ ಗಡಿ ಎಳೆದಾಗಲೇ ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಅನ್ನುತ್ತದೆ 350ಎ. ಇದನ್ನೆಲ್ಲ ನೋಡಿ ರಾಷ್ಟ್ರಪತಿಗೆ ವರದಿ ಕೊಡಲು ಒಬ್ಬ ವಿಶೇಷಾಧಿಕಾರಿ ಇರಬೇಕು ಅನ್ನುತ್ತದೆ 350ಬಿ. ಅದಕ್ಕೂ ಮೊದಲೇ, 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದಲ್ಲಿ ಒಂದು ಲೆಕ್ಕ ಒಪ್ಪಿಕೊಂಡಿದ್ದರು. ಒಂದು ತರಗತಿಯಲ್ಲಿ 10 ಮಕ್ಕಳು, ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಇದ್ದರೆ ಅವರ ಭಾಷೆಯ ಅಧ್ಯಾಪಕರನ್ನು ಕೊಡಬೇಕು. ಒಂದು ತಾಲೂಕಿನಲ್ಲೋ ಪುರಸಭೆಯಲ್ಲೋ ನೂರಕ್ಕೆ 15 ಜನ ಅಲ್ಪಸಂಖ್ಯಾತ ಭಾಷೆಯವರಿದ್ದರೆ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕು ಅನ್ನುವುದೂ ರಾಜ್ಯಗಳು ಒಪ್ಪಿದ ವ್ಯವಸ್ಥೆಯೇ.

350ನೇ ವಿಧಿ ಇನ್ನೂ ಸರಳ. ನಿಮ್ಮ ಕಷ್ಟದ ಅರ್ಜಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು. ಅದೇ ಭಾಷೆಯಲ್ಲಿ ಉತ್ತರ ಬರಬೇಕು ಅಂತ ಅದರಲ್ಲಿ ಇಲ್ಲ. ಆದರೆ ಕೇರಳದ 1969ರ ಅಧಿಕೃತ ಭಾಷಾ ಕಾನೂನು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿಯ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯೆಟ್ಟಿಗೂ ತಮ್ಮ ಪ್ರದೇಶದ ಕಚೇರಿಗಳಿಗೂ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು.

ಇಷ್ಟೆಲ್ಲ ಇದ್ದೂ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು, ಕನ್ನಡ ಬಾರದ ಅಧ್ಯಾಪಕರು ಬೇಡ ಅಂತ ಬಿಸಿಲಿಗೆ ಕೂತು ಪ್ರತಿಭಟಿಸಬೇಕಾಯಿತು. ಯಾಕೆ? ಪದಗಳನ್ನು ಸರಿಯಾಗಿ ನೋಡಿ. "ಪ್ರಯತ್ನಿಸಬೇಕು" ಅಂತ ಇದೆ, ಮಾಡದಿದ್ದರೆ ಏನು ಅಂತ ಇಲ್ಲ. ವಿಶೇಷಾಧಿಕಾರಿ ವರದಿ ಕೊಡುತ್ತಾರೆ, ವರದಿ ಸಂಸತ್ತಿನಲ್ಲಿ ಮಂಡನೆಯಾಗುತ್ತದೆ, ಯಾರನ್ನೂ ಶಿಕ್ಷಿಸುವ ಅಧಿಕಾರ ಅವರಿಗಿಲ್ಲ. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ನಮ್ಮ ಕೈಯಲ್ಲಿ ಚೆಕ್ ಇದೆ. ಚೆಕ್ ಕಪಾಟಿನಲ್ಲಿ ಇಟ್ಟರೆ ಹಣ ಆಗುವುದಿಲ್ಲ, ಕೌಂಟರಿಗೆ ತಂದು ಹಾಕಬೇಕು. ನಾವು ಕನ್ನಡ ಅರ್ಜಿ ಹಾಕುವುದನ್ನು ಬಿಟ್ಟ ದಿನ ಕಚೇರಿಯವರು ಏನು ಬರೆಯುತ್ತಾರೆ? ಬೇಡಿಕೆ ಇಲ್ಲ ಅಂತ. ಬೇಡಿಕೆ ಇಲ್ಲ ಅಂತಾದರೆ ಕನ್ನಡ ಬಲ್ಲ ಗುಮಾಸ್ತರ ಹುದ್ದೆ ಯಾಕೆ? ಹುದ್ದೆ ಇಲ್ಲ ಅಂತಾದರೆ ನಿಮಗೆ ಕೆಲಸ ಎಲ್ಲಿ? ಕೆಲಸ ಇಲ್ಲ ಅಂದರೆ ತಂದೆ ತಾಯಿ ಮಗುವನ್ನು ಕನ್ನಡ ಶಾಲೆಗೆ ಯಾಕೆ ಹಾಕುತ್ತಾರೆ? ಒಂಬತ್ತು ಮಕ್ಕಳಾದರೆ ಹತ್ತರ ಲೆಕ್ಕ ತಪ್ಪಿತು. ಹೀಗೆ ತುಂಡು ಕಾಡು ಸಣ್ಣದಾಗುತ್ತಾ ಹೋಗುತ್ತದೆ.

ಇನ್ನೊಂದು ಕಾರಣ ನಮ್ಮ ಒಂಟಿತನ. ಕಾಸರಗೋಡು ಒಬ್ಬನೇ ಕೂಗುತ್ತದೆ, ಜತ್ತ ಒಬ್ಬನೇ ಕೂಗುತ್ತದೆ, ಆದವಾನಿ, ರಾಯದುರ್ಗ ತಮ್ಮ ಪಾಡಿಗೆ ತಾವು. ಆದರೆ 350ಎ ಎಲ್ಲರಿಗೂ ಒಂದೇ. ಒಂದು ತಾಲೂಕಿನಲ್ಲಿ ಗೆದ್ದ ಅರ್ಜಿಯ ಪ್ರತಿ ಇನ್ನೊಂದು ತಾಲೂಕಿಗೆ ಹೋಗುವುದಿಲ್ಲ. ಹಳೆಯ ಡಿಟಿಪಿ ಫಾಂಟುಗಳ ಹಾಗೆ ನಾವೇ ನಡುಗಡ್ಡೆಗಳಾಗಿ ಕೂತಿದ್ದೇವೆ.

ಅದಕ್ಕೆ ನಾಲ್ಕು ಕೆಲಸ ಹೇಳುತ್ತೇನೆ. ನಾಲ್ಕೂ ಸಣ್ಣವು.

ಒಂದು. ಅರ್ಜಿ ಕನ್ನಡದಲ್ಲಿ ಬರೆಯಿರಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮುದ್ರೆ, ತಾರೀಕು, ನಂಬರ್ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಲೆಡ್ಜರಿನಲ್ಲಿ ಜಾಗ ಇಲ್ಲ. ಜಗಳ ಬೇಡ, ನಯವಾಗಿಯೇ ಕೇಳಿ. ಆಚೆ ಕೂತವರೂ ನನ್ನ ಹಾಗೆ ಸಂಬಳಕ್ಕೆ ಕೆಲಸ ಮಾಡುವವರೇ. ಕಾಗದ ಬಂದರೆ ಅವರಿಗೂ ಮೇಲಿನವರಿಗೆ ತೋರಿಸಲು ಒಂದು ಆಧಾರ ಸಿಗುತ್ತದೆ.

ಎರಡು. ಶಾಲೆ ಶುರುವಾಗುವುದಕ್ಕೆ ತಿಂಗಳುಗಳ ಮೊದಲೇ ನಿಮ್ಮ ವಾರ್ಡಿನಲ್ಲಿ ಒಂದನೇ ತರಗತಿಗೆ ಬರುವ ಮಕ್ಕಳನ್ನು ಎಣಿಸಿ. ಹತ್ತು ಹೆಸರು ಬರೆದು ಸಹಿ ಹಾಕಿಸಿ ಕೊಡಿ. ಜೂನಿನಲ್ಲಿ ಓಡಾಡಿ ಪ್ರಯೋಜನ ಇಲ್ಲ. ಜನಗಣತಿಯವರು ಬಂದಾಗಲೂ ಅಷ್ಟೇ. 2011ರ ನಮೂನೆಯಲ್ಲಿ ಮಾತೃಭಾಷೆಯ ಜೊತೆಗೆ ಗೊತ್ತಿರುವ ಇನ್ನೆರಡು ಭಾಷೆ ಬರೆಸುವ ಕಾಲಂ ಇತ್ತು. ಮನೆಮಾತು ತುಳುವಾದರೆ ತುಳು ಅಂತಲೇ ಹೇಳಿ, ಕೊಂಕಣಿಯಾದರೆ ಕೊಂಕಣಿ, ಸುಳ್ಳು ಬೇಡ. ಆದರೆ ಗೊತ್ತಿರುವ ಭಾಷೆಯ ಕಾಲಮಿನಲ್ಲಿ ಕನ್ನಡ ಬಿಟ್ಟು ಹೋಗದ ಹಾಗೆ ನೋಡಿಕೊಳ್ಳಿ.

ಮೂರು. ಒಂದೇ ರಿಜಿಸ್ಟರ್ ಇಡೋಣ. ಯಾವ ತಾಲೂಕು, ಯಾವ ಕಚೇರಿ, ಯಾವ ತಾರೀಕು, ಏನು ಕೇಳಿದ್ದು, ಏನು ಉತ್ತರ. ಫೋನಿನಲ್ಲಿ ಒಂದು ಶೀಟ್ ಸಾಕು. ತಾಳವಾಡಿಯಲ್ಲಿ ಬಂದ ಉತ್ತರ ಹೊಸೂರಿನವರಿಗೆ ಮಾದರಿ ಆಗುತ್ತದೆ. ಇದೇ ನಮ್ಮ ಆನೆ ದಾರಿ.

ನಾಲ್ಕು. ನೀವಿರುವ ರಾಜ್ಯದ ಭಾಷೆಯನ್ನು ಚೆನ್ನಾಗಿ ಕಲಿಯಿರಿ. ಬ್ಯಾಂಕ್ ಗುಮಾಸ್ತರ ಹುದ್ದೆಗೆ ಆಯಾ ರಾಜ್ಯದ ಭಾಷೆ ಬರಲೇಬೇಕು. ಎರಡು ಭಾಷೆ ಬಂದರೆ ಗಡಿಯ ಎರಡೂ ಬದಿಯ ಬಾಗಿಲು ನಿಮಗೆ ತೆರೆದಿರುತ್ತದೆ. ಮತ್ತೆ, ಕನ್ನಡ ಬಲ್ಲ ಒಬ್ಬರು ಆ ಕುರ್ಚಿಯಲ್ಲಿ ಕೂತರೆ, ಚೀಟಿಯಲ್ಲಿ ಕನ್ನಡ ಇಲ್ಲದಿದ್ದರೂ ಆ ಅಮ್ಮ ತನ್ನ ಖಾತೆ ನಂಬರನ್ನು ಬೀದಿಯಲ್ಲಿ ಹೋಗುವವರಿಗೆ ಹೇಳಬೇಕಾಗಿ ಬರುವುದಿಲ್ಲ.

ಗಡಿ ಎಳೆದದ್ದು ನಮ್ಮನ್ನು ಕೇಳಿ ಅಲ್ಲ. ಅದನ್ನು ಅಳಿಸುವುದು ಇವತ್ತಿನ ಸಭೆಯ ಕೈಯಲ್ಲಿಲ್ಲ. ಆದರೆ ಈ ತಿಂಗಳು ಪ್ರತಿ ತಾಲೂಕಿನಿಂದ ಒಂದು ಕನ್ನಡ ಅರ್ಜಿ, ಅದರ ಮೇಲೆ ಒಂದು ಮುದ್ರೆ, ಇದು ನಮ್ಮ ಕೈಯಲ್ಲಿದೆ. ಮುದ್ರೆ ಬಿದ್ದ ಪ್ರತಿಯ ಫೋಟೋ ಈ ಪುಟಕ್ಕೆ ಕಳಿಸಿ. ಹೆಸರು, ಮನೆ ವಿಳಾಸ ಮುಚ್ಚಿ ಕಳಿಸಿ. ರಿಜಿಸ್ಟರಿನ ಮೊದಲ ಸಾಲು ಯಾವ ತಾಲೂಕಿನದ್ದು ಅಂತ ನೋಡೋಣ.

ಸಿರಿಗನ್ನಡಂ ಗೆಲ್ಗೆ.